ನಾಲೆಗೆ ನೀರು ಬಂದಾಗ ಏಳುವ ನೆಲ

ಎರೆ ಮಣ್ಣಿನ ಊರಿನಲ್ಲಿ ಬಿರುಕಿಲ್ಲದ ಗೋಡೆ ಸಿಗುವುದು ಕಷ್ಟ. ಬೆಳಕವಾಡಿ ರಸ್ತೆಯಲ್ಲಿ ಬಸ್ಸಿಳಿದು ನಾಲೆಯ ಏರಿ ಹಿಡಿದು ನಡೆದರೆ ಸಿಗುವ ಆ ಊರಿನಲ್ಲಂತೂ ಬಿರುಕನ್ನು ಯಾರೂ ಎರಡನೇ ಸಲ ತಿರುಗಿ ನೋಡುವುದಿಲ್ಲ. ಬಾಗಿಲು ಬಿಗಿದುಕೊಂಡರೆ ಒದ್ದು ತೆಗೆಯುತ್ತಾರೆ. ನೆಲ ಉಬ್ಬಿದರೆ ಮಂಚದ ಕಾಲಿಗೆ ಹೆಂಚಿನ ಚೂರು ಕೊಡುತ್ತಾರೆ. ಗೋಡೆ ಸೀಳಿದರೆ ಹಬ್ಬಕ್ಕೆ ಮುಂಚೆ ಸಿಮೆಂಟು ಮೆತ್ತಿ ಬಣ್ಣ ಬಳಿಯುತ್ತಾರೆ. ಮರುವರ್ಷ ಅಲ್ಲೇ ಮತ್ತೆ ಸೀಳುತ್ತದೆ. ಆಗ ಊರೆಲ್ಲ ಒಂದೇ ಮಾತು: ಮೇಸ್ತ್ರಿ ಕೆಲಸ ನೆಟ್ಟಗಿಲ್ಲ.

ಆ ಮಾತನ್ನು ಹದಿನೆಂಟು ವರ್ಷ ಎದುರಾಡದೆ ಕೇಳಿಸಿಕೊಂಡವನು ಮರಿಸಿದ್ದಯ್ಯ.

ಮರಿಸಿದ್ದಯ್ಯ ಗಾರೆ ಮೇಸ್ತ್ರಿ. ಮುತ್ತತ್ತಿಯಲ್ಲಿ ಅವನು ಕಟ್ಟಿದ ಛತ್ರದ ಗೋಡೆ ಇದೆ, ವೈದ್ಯನಾಥಪುರದ ಹತ್ತಿರ ಮೂರು ಮನೆಗಳಿವೆ. ಎಲ್ಲವೂ ನೆಟ್ಟಗೆ ನಿಂತಿವೆ. ಸ್ವಂತ ಊರಿನಲ್ಲಿ ಅವನು ಕಟ್ಟಿದ್ದು ಒಂದೇ ಮನೆ, ತಂಗಿ ಸಣ್ಣತಾಯಮ್ಮನದು. ಕಟ್ಟಿದ ವರ್ಷವೇ ಅದರ ಪಡುವಣ ಗೋಡೆ ಕಿಟಕಿಯ ಮೂಲೆಯಿಂದ ಓರೆಯಾಗಿ ಸೀಳಿತು. ತಂಗಿ ಏನೂ ಅನ್ನಲಿಲ್ಲ. ಅವಳು ಏನೂ ಅನ್ನದೆ ಇದ್ದುದೇ ಅವನ ಮೇಲೆ ಕೂತುಬಿಟ್ಟಿತು. ಅಂದಿನಿಂದ ಊರಿನೊಳಗೆ ಅವನು ಒಂದು ಇಟ್ಟಿಗೆಯನ್ನೂ ಇಟ್ಟಿರಲಿಲ್ಲ.

ಈಗ ಮಗಳು ವನಜಾ ಮನೆ ಕಟ್ಟಬೇಕಾಗಿತ್ತು. ಅವಳಿಗೂ ಗಂಡ ಮಹದೇವುಗೂ ಇರುವುದು ಒಂದೇ ನಿವೇಶನ. ಹಿಂದೆ ನಾಲೆ, ಮುಂದೆ ಭತ್ತದ ಗದ್ದೆ, ಅಡಿಯಲ್ಲಿ ಕಡುಕಪ್ಪು ಎರೆ ಮಣ್ಣು. ಅಪ್ಪನೇ ಕಟ್ಟಿಕೊಡಬೇಕೆಂದು ಅವಳು ಕೇಳಿ ಮೂರು ದಿನವಾಗಿತ್ತು.

"ಬಾಯಿ ಬುಟ್ಟು ಏನಾದ್ರೂ ಏಳಬಾರ್ದಾ?" ಮುದ್ದೆ ಇಡುತ್ತ ಹೆಂಡತಿ ಬೆಳ್ಳಮ್ಮ ಕೇಳಿದಳು. "ಮದ್ದೂರ್ಗೆ ಓಗಿ ಕಟ್ಟಕ್ಕಾಯ್ತದೆ. ಮುತ್ತತ್ತೀಗೆ ಓಗಿ ಕಟ್ಟಕ್ಕಾಯ್ತದೆ. ಮಗಳ ಮನೆ ಅಂದ್ರೆ ಕೈ ಬಿದ್ದೋಯ್ತದಾ?"

"ಬ್ಯಾರೆ ಮೇಸ್ತ್ರೀನ ಕರ್ಕಳ್ಲಿ."

"ಬ್ಯಾರೆಯವನು ಕಟ್ಟುದ್ರೆ ಬಿರುಕು ಬುಡಲ್ವಾ?"

"ಬುಡ್ತದೆ," ಎಂದ ಮರಿಸಿದ್ದಯ್ಯ. "ಆಗ ನಾನು ಕಟ್ಟಿದ್ದು ಅನ್ನಲ್ಲ, ಅಷ್ಟೆಯ."

ವನಜಾ ಬಾಗಿಲ ಬಳಿ ಕೂತು ಕೇಳಿಸಿಕೊಳ್ಳುತ್ತಿದ್ದಳು. "ಅಪ್ಪ, ಬಿರುಕು ಬುಟ್ರೂ ಪರವಾಗಿಲ್ಲ ಅಂತ ನಾನು ಅನ್ನಲ್ಲ. ನಂಗೂ ಭಯ ಅದೆ. ನಮ್ಗಿರೋದು ಒಂದು ಜಾಗ, ಕಟ್ಟಕ್ಕಾಗೋದು ಒಂದು ಮನೆ. ಅದು ಸೀಳೋದ್ರೆ ಇನ್ನೊಂದು ಇಲ್ಲ. ಅದ್ಕೇ ನಿನ್ನ ಕೇಳ್ತಿರೋದು."

ಮರಿಸಿದ್ದಯ್ಯ ಮುದ್ದೆ ಮುಗಿಸಿ ಕೈ ತೊಳೆದು ಎದ್ದು ಹೋದ.

ಆ ಭಾನುವಾರ ಸಣ್ಣತಾಯಮ್ಮನ ಮಗಳು ದೀಪಿಕ ಮಂಡ್ಯದಿಂದ ಬಂದಳು. ಅವಳು ಓದಿದ್ದು ಕಟ್ಟಡದ ಇಂಜಿನಿಯರಿಂಗು. ಕಾಲೇಜೊಂದರಲ್ಲಿ ಮಣ್ಣು ಪರೀಕ್ಷೆ ಮಾಡುವುದು ಅವಳ ಕೆಲಸ. ಬೆಳೆದದ್ದು ಅದೇ ಸೀಳಿದ ಗೋಡೆಯ ಮನೆಯಲ್ಲಿ. ಚಿಕ್ಕವಳಿದ್ದಾಗ ಬಿರುಕಿನ ಪಕ್ಕವೇ ಅವಳ ಚಾಪೆ. ಬೇಸಿಗೆಯ ಮಧ್ಯಾಹ್ನ ಅದರಿಂದ ಗೆರೆಯಂಥ ಬಿಸಿಲು ಬಂದು ಅವಳ ಪುಸ್ತಕದ ಮೇಲೆ ಬೀಳುತ್ತಿತ್ತು.

ವನಜಾಳ ನಿವೇಶನ ನೋಡಿಕೊಂಡು ಬಂದವಳು ಸೋದರಮಾವನ ಎದುರು ಕೂತಳು. "ಮಾವ, ನಮ್ಮನೆ ಬಿರುಕು ಯಾವಾಗ ಅಗಲ ಆಯ್ತದೆ?"

ಆ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಅವನು ನೆಲ ನೋಡುತ್ತ ಹೇಳಿದ. "ಯುಗಾದಿ ಕಳೆದ ಮೇಲೆ ನನ್ ಕಿರುಬೆರಳು ತೂರ್ತದೆ. ನಾಲೆಗೆ ನೀರು ಬುಟ್ಟು ತಿಂಗಳಾದ ಮೇಲೆ ಬೆಂಕಿಕಡ್ಡೀನೂ ಓಗಲ್ಲ. ಗದ್ದೆ ಕುಯ್ದು, ನಾಲೆ ನಿಂತ ಮೇಲೆ ಮತ್ತೆ ಬಾಯಿ ಬುಡ್ತದೆ."

ಬೆಳ್ಳಮ್ಮ ಮೊರ ಕೆಳಗಿಟ್ಟಳು. "ನಿಂಗಿದೆಲ್ಲ ಎಂಗೆ ಗೊತ್ತು?"

ತಂಗಿಯ ಮನೆಗೆ ಹೋದಾಗಲೆಲ್ಲ ಅವನು ಆ ಗೋಡೆಗೆ ಒರಗಿಯೇ ಕೂರುತ್ತಿದ್ದುದು ಅವಳಿಗೆ ಆಗ ನೆನಪಾಯಿತು. ಹದಿನೆಂಟು ವರ್ಷ, ಯಾರಿಗೂ ಕಾಣದ ಹಾಗೆ, ಬೆನ್ನ ಹಿಂದೆ ಕೈ ಇಟ್ಟು ಅವನು ತನ್ನ ತಪ್ಪನ್ನು ಅಳೆಯುತ್ತ ಕೂತಿದ್ದ.

"ನಿನ್ ಕೆಲ್ಸ ಕೆಟ್ಟಿದ್ರೆ ಬಿರುಕು ಬುಟ್ಟಿದ್ದು ಬುಟ್ಟಂಗೇ ಇರ್ತಿತ್ತು ಮಾವ," ಎಂದಳು ದೀಪಿಕ. "ನಾಲೆ ನೋಡ್ಕಂಡು ಮುಚ್ಚಿ ತೆಗೆಯೋದು ಯಾವ ಗ್ವಾಡೆಗೆ ಗೊತ್ತು? ಅದು ನೆಲದ ಕೆಲ್ಸ. ಪಾಯ ಯಾವಾಗ ತೋಡಿದ್ದೆ?"

"ಬ್ಯಾಸಗೇಲಿ. ಎಲ್ರೂ ಆಗ್ಲೇ ತಾನೆ ತೋಡೋದು. ನಾಲೆ ನಿಂತಿರ್ತದೆ, ಗದ್ದೆ ಕೆಲ್ಸ ಇರಲ್ಲ, ಆಳು ಸಿಗ್ತಾರೆ. ನೆಲಾನೂ ಕಲ್ಲಂಗಿರ್ತದೆ."

"ಒಣಗಿ, ಕುಗ್ಗಿ ಕಲ್ಲಾಗಿರೋ ಹೊತ್ತಲ್ಲಿ ಅದರ ಮೇಲೆ ಮನೆ ಕೂರುಸ್ತೀವಿ. ನಾಲೆಗೆ ನೀರು ಬಂದು ಗದ್ದೆ ತುಂಬುತ್ಲೂ ಅಡೀಲಿರೋ ಎರೆ ನೀರು ಕುಡಿದು ಉಬ್ತದೆ. ಮನೆ ಒಂದ್ ಕಡೆ ಮೇಲಕ್ಕೇಳ್ತದೆ, ಇನ್ನೊಂದ್ ಕಡೆ ಅಷ್ಟು ಏಳಲ್ಲ. ಗ್ವಾಡೆ ಏನ್ ಮಾಡ್ತದೆ, ಪಾಪ."

"ಮಣ್ಣು ಮನೇನ ಎತ್ತದಾ?" ಬೆಳ್ಳಮ್ಮ ನಕ್ಕಳು. "ಓದಿದ್ದು ಜಾಸ್ತಿಯಾಯ್ತು ಕಣಮ್ಮಿ ನಿಂಗೆ."

"ಎತ್ತದಾ ಇಲ್ವಾ, ನೀನೇ ನೋಡತ್ತೆ."

ದೀಪಿಕ ನಿವೇಶನದ ಮಣ್ಣನ್ನು ಒಣಗಿಸಿ, ಪುಡಿ ಮಾಡಿ, ಜರಡಿ ಹಿಡಿದು ಒಂದು ಗಾಜಿನ ಬಾಟಲಿಗೆ ನಾಲ್ಕು ಬೆರಳು ಮಟ್ಟಕ್ಕೆ ತುಂಬಿದಳು. ಇನ್ನೊಂದು ಬಾಟಲಿಗೆ ಮೇಲಿನ ಹೊಲದ ಕೆಂಪು ಮಣ್ಣನ್ನು ಅಷ್ಟೇ ತುಂಬಿದಳು. ಎರಡಕ್ಕೂ ಹೊರಗೆ ದಾರ ಕಟ್ಟಿ ಮಟ್ಟ ಗುರುತು ಮಾಡಿ, ನೀರು ಹುಯ್ದು ಕಲಕಿ ಜಗುಲಿಯ ಮೇಲಿಟ್ಟಳು.

ಬೆಳಗ್ಗೆ ಮೊದಲು ಎದ್ದವನು ಮರಿಸಿದ್ದಯ್ಯ. ಕೆಂಪು ಮಣ್ಣು ದಾರದ ಹತ್ತಿರವೇ ತಂಗಿತ್ತು. ಕಪ್ಪು ಮಣ್ಣು ದಾರ ದಾಟಿ ಮೇಲೆ ಹೋಗಿತ್ತು. ಅವನು ಬೆರಳಿಟ್ಟು ನೋಡಿದ. ನಾಲ್ಕು ಬೆರಳು ಆರಾಗಿತ್ತು.

ಬೆಳ್ಳಮ್ಮ ಕಾಫಿ ತಂದು ಪಕ್ಕದಲ್ಲಿಟ್ಟಳು. ಆರಿಹೋದರೂ ಅವನು ಲೋಟ ಮುಟ್ಟಲಿಲ್ಲ. ಬಾಟಲಿಯೊಳಗೆ ಏನೂ ಅಲುಗುತ್ತಿರಲಿಲ್ಲ, ಏನೂ ಸದ್ದಿರಲಿಲ್ಲ. ಇಷ್ಟೇ ಸದ್ದಿಲ್ಲದೆ ಊರಿನ ಅಡಿಯಲ್ಲಿ ನೆಲ ವರ್ಷಕ್ಕೊಮ್ಮೆ ಏಳುತ್ತಿತ್ತು, ವರ್ಷಕ್ಕೊಮ್ಮೆ ಇಳಿಯುತ್ತಿತ್ತು. ಒಲೆಯನ್ನು, ಕಣಜವನ್ನು, ನಿದ್ದೆ ಹೋದ ಮಕ್ಕಳನ್ನು ಹೊತ್ತುಕೊಂಡೇ ಏಳುತ್ತಿತ್ತು. ಹುಟ್ಟಿದಂದಿನಿಂದ ಆ ನೆಲವನ್ನು ತುಳಿದಿದ್ದರೂ ಅದನ್ನು ತಾನು ನೋಡಿಯೇ ಇರಲಿಲ್ಲ ಅನ್ನಿಸಿತು ಅವನಿಗೆ.

"ಇದ್ನ ನಿಲ್ಸಕ್ಕಾಯ್ತದಾ?" ಎಂದು ಅವನು ದೀಪಿಕಳನ್ನು ಕೇಳಿದ. ದನಿ ತಗ್ಗಿತ್ತು.

"ಪೂರಾ ಎರೆ ತೆಗೆದು ಎಸೆಯಕ್ಕಾಗಲ್ಲ. ಮನೆ ಕೂರೋ ಜಾಗದಲ್ಲಿ ಅದರ ಗುಣ ಬದಲಾಯಿಸಬೋದು. ಸುಣ್ಣ ಬೇಕು. ಜೊತೆಗೆ ಆಲೆಮನೆ ಬೂದಿ."

ಮಹದೇವು ಅಲ್ಲೇ ನಿಂತಿದ್ದ. ಅವನು ಹೊನ್ನಯ್ಯನ ಆಲೆಮನೆಯಲ್ಲಿ ಬೆಲ್ಲ ಕಾಯಿಸುವ ಒಲೆಗೆ ಉರಿ ಹಾಕುವವನು. ಕಬ್ಬಿನ ಒಣಸಿಪ್ಪೆ, ಅವರ ಮಾತಿನಲ್ಲಿ ರಚ್ಚು, ದಿನವಿಡೀ ಅವನ ಕೈಯಿಂದ ಒಲೆಗೆ ಹೋಗುತ್ತದೆ. "ನಾನು ದಿನಾ ಗುಡ್ಡೆ ಹಾಕೋ ಬೂದಿನಾ? ಮಳೆ ಬಂದ್ರೆ ಅಳ್ಳಕ್ಕೆ ಕೊಚ್ಕಂಡೋಯ್ತದೆ ಅದು. ಗಾಳಿ ಬಂದ್ರೆ ಒಗೆದ ಬಟ್ಟೆ ಮೇಲೆ ಕೂರ್ತದೆ ಅಂತ ಎಂಗಸ್ರು ಬೈತಾರೆ."

"ಪಾತ್ರೆ ಬೆಳಗೋ ಬೂದೀಲಿ ಮನೆ ಕಟ್ತೀವಿ ಅಂದ್ರೆ ಊರು ನಗ್ತದೆ," ಎಂದಳು ಬೆಳ್ಳಮ್ಮ.

ಮರಿಸಿದ್ದಯ್ಯನೂ ತಲೆಯಾಡಿಸಿದ. "ಬೂದೀಲಿ ಕಸುವಿಲ್ಲ ಕಣಮ್ಮಿ. ಊದುದ್ರೆ ಓಯ್ತದೆ."

"ಬರೀ ಬೂದೀಲಿ ಇಲ್ಲ, ನಿಜ. ತಾತ ಗಾರೆ ಅರೆಯೋವಾಗ ಸುಣ್ಣಕ್ಕೆ ಏನು ಸೇರಿಸ್ತಿತ್ತು ಮಾವ?"

"ಇಟ್ಟಿಗೆ ಪುಡಿ."

"ಯಾಕೆ?"

ಎತ್ತು ತಿರುಗುವ ಗಾರೆ ಗಾಣ, ಅಪ್ಪನ ಬಿಳಿ ಬಿಳಿ ಕೈ, ಒಡೆದ ಇಟ್ಟಿಗೆ ಕುಟ್ಟುವ ಸದ್ದು ಎಲ್ಲ ಅವನಿಗೆ ಒಮ್ಮೆಗೇ ನೆನಪಾಯಿತು. "ಬರೀ ಸುಣ್ಣ ಕಚ್ಕಳಲ್ಲ. ಸುಟ್ಟ ಪುಡಿ ಸೇರುದ್ರೆ ಕಲ್ಲಾಯ್ತದೆ, ನೀರಲ್ಲೂ ಬುಡಲ್ಲ."

"ರಚ್ಚಿನ ಬೂದೀನೂ ಸುಟ್ಟ ಪುಡೀನೇ. ಸುಣ್ಣ ಎರೆ ಮಣ್ಣಿನ ಉಬ್ಬೋ ಗುಣ ತಗ್ಗಿಸ್ತದೆ. ಬೂದಿ, ಸುಣ್ಣ, ನೀರು ಮೂರೂ ಸೇರಿ ನಿಧಾನಕ್ಕೆ ಅದನ್ನ ಕಟ್ಟಿಹಾಕ್ತವೆ. ತಾತನ ಕೆಲ್ಸಾನೇ ಮಾವ. ಗ್ವಾಡೇಲಿ ಮಾಡ್ತಿದ್ದುದನ್ನ ನೆಲದಲ್ಲಿ ಮಾಡೋದು."

ಮರಿಸಿದ್ದಯ್ಯ ಆಗಲೂ ಒಪ್ಪಲಿಲ್ಲ. ಆದರೆ ಎದ್ದು ಹೋಗಲೂ ಇಲ್ಲ.

ಹೋಗುವ ಮುಂಚೆ ದೀಪಿಕ ಎರಡು ಉಂಡೆ ಕಟ್ಟಿದಳು. ಒಂದು ಬರೀ ಎರೆಯದು, ಇನ್ನೊಂದು ಸುಣ್ಣ ಬೂದಿ ಬೆರೆಸಿದ್ದು. ಒಣಗದ ಹಾಗೆ ಎರಡನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ನೆರಳಿನಲ್ಲಿಟ್ಟಳು. ಮಣ್ಣು, ಬೂದಿ ಎರಡನ್ನೂ ಒಂದೊಂದು ಚೀಲ ಪರೀಕ್ಷೆಗೆ ಮಂಡ್ಯಕ್ಕೆ ಒಯ್ದಳು.

ಬೂದಿ ಆರಿಸುವಾಗ ಒಂದು ಮಾತು ನಡೆದಿತ್ತು. ಮಹದೇವು ತಂದ ಎರಡು ಚೀಲದಲ್ಲಿ ಒಂದರ ಬೂದಿ ತಿಳಿಬೂದು ಬಣ್ಣ, ಹಿಟ್ಟಿನಂತೆ ನುಣುಪು. ಇನ್ನೊಂದು ಕರ್ರಗೆ ಜಿಡ್ಡಾಗಿತ್ತು, ಅದರಲ್ಲಿ ತಂತಿಯ ತುಂಡುಗಳಿದ್ದವು.

"ಇದೇನಣ್ಣ ತಂತಿ?" ಎಂದಳು ದೀಪಿಕ.

ಮಹದೇವು ತಲೆ ಕೆರೆದುಕೊಂಡ. "ಮಳೇಲಿ ರಚ್ಚು ಒಣಗಿರಲ್ಲ. ಆಗ ಒಂದೆರಡು ಹಳೇ ಟೈರು ಹಾಕ್ತೀವಿ."

"ಅದರ ಹೊಗೆ ಮೊದಲು ಕುಡಿಯೋನು ನೀನೇ. ಅದರ ಬೂದೀಲಿ ವಿಷ ಇರ್ತದೆ, ಮನೆ ಅಡಿಗೆ ಬ್ಯಾಡ. ಬರೀ ರಚ್ಚಿಂದು ಬೇಕು, ಚೆನ್ನಾಗಿ ಬೆಂದಿರಬೇಕು, ಜರಡಿ ಹಿಡೀಬೇಕು."

ಮಹದೇವು ಕರಿಯ ಚೀಲದ ಬಾಯಿ ಕಟ್ಟಿ ಹೊತ್ತುಕೊಂಡು ಹೋದ.

ಮುಂದಿನ ಭಾನುವಾರ ಎರಡು ಬೋಗುಣಿಗೆ ನೀರು ತುಂಬಿ ಒಂದೊಂದು ಉಂಡೆ ಬಿಟ್ಟರು. ಬರೀ ಎರೆಯ ಉಂಡೆ ಮೊದಲು ಬೆವರಿದಂತೆ ಆಯಿತು. ಆಮೇಲೆ ಸುತ್ತ ಉದುರತೊಡಗಿತು. ವನಜಾ ಒಲೆಯ ಮೇಲಿನ ಅನ್ನ ಬಸಿದು ಬರುವಷ್ಟರಲ್ಲಿ ಬೋಗುಣಿಯ ತಳದಲ್ಲಿ ಬರೀ ಕೆಸರು. ಇನ್ನೊಂದು ಉಂಡೆ ಇಟ್ಟ ಹಾಗೇ ಇತ್ತು. ಅದರ ಮೇಲಿದ್ದ ದೀಪಿಕಳ ಬೆರಳಿನ ಗೆರೆಗಳೂ ಅಳಿಸಿರಲಿಲ್ಲ.

"ಇನ್ನೂ ಒತ್ತಾಗಿಲ್ಲ, ಬುಡಿ," ಎಂದಳು ಬೆಳ್ಳಮ್ಮ.

ಸಂಜೆ ನೋಡಿದಳು, ಹಾಗೇ ಇತ್ತು. ಅವಳು ಬೋಗುಣಿಯನ್ನು ತನ್ನ ಅಡುಗೆಮನೆಗೆ ಸಾಗಿಸಿಕೊಂಡಳು. ದಿನಾ ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಐದನೇ ದಿನ ಮರಿಸಿದ್ದಯ್ಯ ನೀರು ಕುಡಿಯಲು ಒಳಗೆ ಬಂದಾಗ ಅವಳು ಒದ್ದೆ ಉಂಡೆಯನ್ನು ಅಂಗೈಯಲ್ಲಿ ಹಿಡಿದು ನಿಂತಿದ್ದಳು. ಗಂಡನನ್ನು ನೋಡಿ ಅದನ್ನು ಅವನ ಕೈಗಿತ್ತಳು. ಅವನು ಅದನ್ನು ತಿರುಗಿಸಿ ನೋಡಿದ, ಉಗುರಿನಿಂದ ಕೆರೆದ, ಕಿವಿಯ ಹತ್ತಿರ ಹಿಡಿದು ತಟ್ಟಿದ.

"ವನಜಾಗೆ ಏಳು," ಎಂದ ಕೊನೆಗೆ. "ಸೋಮವಾರ ಪಾಯ ತೋಡ್ತೀನಿ ಅಂತ."

ಪರೀಕ್ಷೆಯಲ್ಲಿ ಆ ನಿವೇಶನದ ಮಣ್ಣಿಗೆ ಹೊಂದಿದ ಲೆಕ್ಕ ಇದು: ನೂರು ಕೆಜಿ ಒಣ ಮಣ್ಣಿಗೆ ಐದು ಕೆಜಿ ಅರಳಿಸಿದ ಸುಣ್ಣದ ಪುಡಿ, ಹತ್ತು ಕೆಜಿ ರಚ್ಚಿನ ಬೂದಿ. "ಇದು ಈ ಜಾಗಕ್ಕೆ ಮಾತ್ರ ಮಾವ," ಎಂದು ದೀಪಿಕ ಎರಡು ಸಲ ಹೇಳಿದಳು. "ಪಕ್ಕದ ಬೀದಿಗೂ ಮತ್ತೆ ಪರೀಕ್ಷೆ ಆಗಬೇಕು."

ಮನೆ ನಿಲ್ಲುವ ಜಾಗದಲ್ಲಿ, ಗೋಡೆಯಿಂದ ಆಚೆಗೂ ಮೂರಡಿಯವರೆಗೆ, ಎರೆಯನ್ನು ಅಗೆದು ತೆಗೆದರು. ಎಷ್ಟು ಆಳ ಎಂಬುದನ್ನೂ ಪರೀಕ್ಷೆ ನೋಡಿಯೇ ದೀಪಿಕ ಹೇಳಿದ್ದಳು. ಹೆಂಟೆ ಒಡೆದು, ಸುಣ್ಣ ಬೂದಿ ಬೆರೆಸಿ, ನೀರು ಚಿಮುಕಿಸಿ, ಗೇಣಿಗಿಂತ ಕಮ್ಮಿ ದಪ್ಪಕ್ಕೆ ಹರಡಿ ದಿಮ್ಮಿಯಿಂದ ಬಡಿದು ಗಟ್ಟಿ ಮಾಡಿದರು. ಅದರ ಮೇಲೆ ಇನ್ನೊಂದು ವರಸೆ, ಅದರ ಮೇಲೆ ಮತ್ತೊಂದು. ಸುಣ್ಣ ಮೈ ಸುಡುತ್ತದೆಂದು ಎಲ್ಲರೂ ಕೈಗವಸು ತೊಟ್ಟಿದ್ದರು, ಮೂಗಿಗೆ ಬಟ್ಟೆ ಕಟ್ಟಿ ಕಣ್ಣಿಗೆ ಕನ್ನಡಕ ಹಾಕಿದ್ದರು.

"ಆಪರೇಸನ್ ಡಾಕ್ಟ್ರಂಗೆ ಕಾಣ್ತೀಯ ಕಣ್ಲಾ," ಎಂದು ಬೆಳ್ಳಮ್ಮ ಅಳಿಯನನ್ನು ಛೇಡಿಸಿದಳು.

"ಈ ನೆಲಾನೇ ರೋಗಿ ಅತ್ತೆ, ನಗಬ್ಯಾಡ," ಎಂದ ಮಹದೇವು.

ನೀರು ಎಷ್ಟು ಬೇಕೆಂದು ದೀಪಿಕ ಕಾಗದ ನೋಡಿ ಹೇಳುವ ಮುಂಚೆಯೇ ಮರಿಸಿದ್ದಯ್ಯ ಒಂದು ಹಿಡಿ ಮಣ್ಣು ಎತ್ತಿ ಹಿಸುಕಿದ. ಉಂಡೆ ಕಟ್ಟಿತು, ಅಂಗೈ ಒದ್ದೆಯಾಗಲಿಲ್ಲ. "ಸಾಕು," ಎಂದ. ದೀಪಿಕ ತನ್ನ ಲೆಕ್ಕ ಹಾಕಿ ನೋಡಿದಳು, ಸರಿಯಿತ್ತು. ಮತ್ತೆ ಅವಳು ಕಾಗದ ತೆಗೆಯಲಿಲ್ಲ. ಮಾವನ ಕೈ ನೋಡುತ್ತ ನಿಂತಳು.

ಕೊನೆಯ ವರಸೆ ಮುಗಿದ ಮೇಲೆ ಹದಿನಾಲ್ಕು ದಿನ ಒದ್ದೆ ಗೋಣಿ ಹೊದಿಸಿ ನೆನೆಸಿದರು. ಆ ಹದಿನಾಲ್ಕು ದಿನ ತಾಳುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಆಳುಗಳು ಕಾಯುತ್ತಿದ್ದರು, ಮಹದೇವು ಚಡಪಡಿಸಿದ. ಮರಿಸಿದ್ದಯ್ಯ ಬೆಳಗ್ಗೆ ಸಂಜೆ ಕೊಡ ಹಿಡಿದು ತಾನೇ ನೀರು ಹಾಕಿದ. ಆಮೇಲೆ ಪಾಯಕ್ಕೆ ಸೈಜುಗಲ್ಲು ಕೂರಿಸಿ, ಮೇಲೆ ಸುತ್ತಲೂ ಕಂಬಿ ಕಾಂಕ್ರೀಟಿನ ಬೆಲ್ಟು ಹಾಕಿ ಗೋಡೆ ಎಬ್ಬಿಸಿದರು. ಬೂದಿ ಸುಣ್ಣ ಹಾಕಿದೆವೆಂದು ಬೆಲ್ಟು ಬಿಡುವಂತಿಲ್ಲ ಎಂದು ದೀಪಿಕ ಹಟ ಹಿಡಿದಿದ್ದಳು. ಬಚ್ಚಲು ನೀರು ಪಾಯದ ಬುಡದಲ್ಲಿ ನಿಲ್ಲದಂತೆ ಮೋರಿ ತೆಗೆದರು.

ಮನೆಗೆ ಸೂರು ಹಾಕಿದ ವಾರವೇ ನಾಲೆಗೆ ನೀರು ಬಿಟ್ಟರು.

ಅದಕ್ಕೆ ಮುಂಚೆ ಮರಿಸಿದ್ದಯ್ಯ ನೀರು ತುಂಬಿದ ಪೈಪು ಹಿಡಿದು ಮನೆಯ ನಾಲ್ಕು ಮೂಲೆಯ ಮಟ್ಟ ನೋಡಿ ಗೋಡೆಯ ಮೇಲೆ ಗೀಟು ಹಾಕಿದ್ದ. ನೀರು ಬಂತು. ಗದ್ದೆ ತುಂಬಿತು, ನಾಟಿಯಾಯಿತು. ಊರಿನಲ್ಲಿ ಬಾಗಿಲುಗಳು ಒಂದೊಂದಾಗಿ ಬಿಗಿದುಕೊಂಡವು. ಸಣ್ಣತಾಯಮ್ಮ ತನ್ನ ಹಿತ್ತಿಲ ಬಾಗಿಲಿಗೆ ಭುಜ ಕೊಟ್ಟಳು. ವನಜಾ ಮಾತ್ರ ದಿನಾ ಬೆಳಗ್ಗೆ ಬಾಗಿಲನ್ನು ಒಂದು ಬೆರಳಿನಿಂದ ತಳ್ಳಿ ನೋಡುತ್ತಿದ್ದಳು. ಅದು ತೆರೆದುಕೊಳ್ಳುತ್ತಿತ್ತು.

ಒಂದು ತಿಂಗಳ ಮೇಲೆ ಅವನು ಮತ್ತೆ ಪೈಪು ಹಿಡಿದ. ನಾಲ್ಕು ಮೂಲೆಯಲ್ಲೂ ಪೈಪಿನ ನೀರು ಹಳೆಯ ಗೀಟಿಗೆ ಸರಿಯಾಗಿ ಬಂದು ನಿಂತಿತು. ನಂಬದೆ ಮತ್ತೊಮ್ಮೆ ನೋಡಿದ. ಸುತ್ತ ಗದ್ದೆಯಲ್ಲಿ ನೀರು, ಹಿಂದೆ ತುಂಬಿ ಹರಿಯುವ ನಾಲೆ, ಏಳಬೇಕಾಗಿದ್ದ ನೆಲ ಏಳದೆ ಕೂತಿತ್ತು. ಹೊನ್ನಯ್ಯನ ಆಲೆಮನೆಯ ಹಿಂದೆ ಯಾರಿಗೂ ಬೇಡವಾಗಿ ಬಿದ್ದಿದ್ದ ಬೂದಿ ಅದನ್ನು ಹಿಡಿದುಕೊಂಡಿತ್ತು. ಅವನು ಪೈಪು ಕೆಳಗಿಟ್ಟು ಗೋಡೆಗೆ ಎರಡೂ ಕೈ ಊರಿ ಬಹಳ ಹೊತ್ತು ಹಾಗೇ ನಿಂತ. ವನಜಾ ಏನಾಯಿತೆಂದು ಕೇಳಲು ಬಂದವಳು ಅಪ್ಪನ ಮುಖ ನೋಡಿ ಕೇಳದೆ ಒಳಗೆ ಹೋದಳು.

"ಒಂದು ನೀರು ಸಾಲದು ಮಾವ," ಎಂದಿದ್ದಳು ದೀಪಿಕ. "ಒಂದು ಬ್ಯಾಸಗೆ ಕಳೀಲಿ." ಬೇಸಿಗೆ ಕಳೆಯಿತು. ನಾಲೆಗೆ ಎರಡನೇ ಸಲದ ನೀರೂ ಬಂತು. ಮಟ್ಟ ಹಳೆಯ ಗೀಟಿಗೇ ನಿಂತಿತು.

ತಂಗಿಯ ಮನೆಯನ್ನು ಹೊಸದು ಮಾಡಲು ಆಗಲಿಲ್ಲ. ಕಟ್ಟಿದ ಮನೆಯ ಅಡಿಗೆ ಹೋಗುವುದು ಸುಲಭವಲ್ಲ ಎಂದು ದೀಪಿಕ ಮುಚ್ಚುಮರೆಯಿಲ್ಲದೆ ಹೇಳಿದಳು. ಸುತ್ತ ಮೋರಿ ತೆಗೆದು, ಗೋಡೆಯ ಬುಡದ ಮಣ್ಣನ್ನು ಸುಣ್ಣ ಬೂದಿಯಿಂದ ಗಟ್ಟಿ ಮಾಡಿ ಹೊರಕ್ಕೆ ಇಳಿಜಾರು ಕೊಟ್ಟರು. ಕೆಲಸ ಮುಗಿದ ದಿನ ಸಣ್ಣತಾಯಮ್ಮ ಅಣ್ಣನಿಗೆ ಊಟಕ್ಕಿಟ್ಟಳು. "ನಿನ್ ತಪ್ಪು ಅಂತ ನಾನು ಯಾವತ್ತೂ ಅನ್ಕಂಡಿರ್ನಿಲ್ಲ ಕಣಣ್ಣ," ಎಂದಳು. "ಅದ್ನ ಬಾಯಿ ಬುಟ್ಟು ಏಳಬೇಕಿತ್ತು."

ಅದಾದ ಕೆಲವು ದಿನಕ್ಕೆ ಮೇಲುಬೀದಿಯ ಚಲುವಮ್ಮ ಮರಿಸಿದ್ದಯ್ಯನ ಮನೆಯ ಮುಂದೆ ಬಂದು ನಿಂತಳು. ಅವಳ ಮಗ ಮನೆ ಕಟ್ಟಬೇಕೆಂದಿದ್ದ. "ಮೇಸ್ತ್ರಿ, ನಮ್ ಪಾಯ ನೀನೇ ಹಾಕ್ಕೊಡಬೇಕು. ಯಾವತ್ತು ಬತ್ತೀಯ?"

ಅಷ್ಟೊಂದು ವರ್ಷದ ಮೇಲೆ ಊರಿನವರು ಅವನನ್ನು ಕೆಲಸಕ್ಕೆ ಕರೆದಿದ್ದರು. ಬೆಳ್ಳಮ್ಮ ಒಳಗಿನಿಂದ ಕತ್ತು ಚಾಚಿ ನೋಡಿದಳು.

"ದಿನ ಆಮ್ಯಾಕೆ ನೋಡನ ಕಣವ್ವ," ಎಂದ ಮರಿಸಿದ್ದಯ್ಯ. "ಮೊದ್ಲು ನಿಮ್ ಜಾಗದ ಒಂದು ಚೀಲ ಮಣ್ಣು ತತ್ತಾ. ಅದು ಏನ್ ಏಳ್ತದೆ ಕೇಳನ."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಗೋಡೆಯೂ ಬೇಸಿಗೆಯಲ್ಲಿ ಸೀಳಿ ನೀರು ಬಂದಾಗ ಮುಚ್ಚಿಕೊಳ್ಳುತ್ತಿದ್ದರೆ ಕಟ್ಟಿದವರನ್ನು ಬಯ್ಯುವ ಮುಂಚೆ ಅಡಿಯ ಮಣ್ಣನ್ನು ನೋಡಿ. ಹೊಸದಾಗಿ ಕಟ್ಟುವವರು ಮಣ್ಣನ್ನು ಹತ್ತಿರದ ಪಾಲಿಟೆಕ್ನಿಕ್ಕಿಗೋ ಇಂಜಿನಿಯರಿಂಗ್ ಕಾಲೇಜಿಗೋ ಒಯ್ದು ಪರೀಕ್ಷೆ ಮಾಡಿಸಿ. ದಾರಿ ಗೊತ್ತಾಗದಿದ್ದರೆ ಪಂಚಾಯಿತಿಯ ಇಂಜಿನಿಯರನ್ನು ಕೇಳಿ. ವನಜಾಳ ಮನೆಯ ಲೆಕ್ಕವನ್ನು ನಿಮ್ಮ ಮನೆಗೆ ಹಾಗೇ ಇಳಿಸಬೇಡಿ, ನಿಮ್ಮ ಮಣ್ಣಿನ ಲೆಕ್ಕ ಬೇರೆಯಿರುತ್ತದೆ. ಸುಣ್ಣವನ್ನು ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಆಲೆಮನೆ, ಅಕ್ಕಿ ಗಿರಣಿ ಇರುವವರು ಒಲೆಗೆ ಟೈರು, ಪ್ಲಾಸ್ಟಿಕ್ ಹಾಕುವುದನ್ನು ಬಿಟ್ಟರೆ ನೀವು ಹಳ್ಳಕ್ಕೆ ಸುರಿಯುವ ಬೂದಿ ಒಬ್ಬರ ಮನೆಗೆ ಬುನಾದಿಯಾದೀತು.

ನಿಮ್ಮ ಊರಿನ ಸ್ವಸಹಾಯ ಸಂಘದ ಮುಂದಿನ ಸಭೆಯಲ್ಲಿ ಈ ವರ್ಷ ಪಾಯ ತೋಡುವವರು ಯಾರು ಯಾರು ಎಂದು ಕೇಳಿ. ನಾಲೆ ನಿಂತಿರುವಾಗಲೇ ಅವರ ಜೊತೆ ಹೋಗಿ ಮಣ್ಣನ್ನು ಪರೀಕ್ಷೆಗೆ ಕೊಟ್ಟು ಬನ್ನಿ. ನೀರು ಬಿಟ್ಟ ಮೇಲೆ ನೆಲ ನಮಗಾಗಿ ಕಾಯುವುದಿಲ್ಲ.